ಕ್ವಾಲಿಫೈಯರ್ ಅಂದ್ರೆ ಕೊಟ್ಟ ಮಾತು: ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯಲ್ಲಿ ಇ-ಸ್ಪೋರ್ಟ್ಸ್ ಅರ್ಹತಾ ಸುತ್ತು ನಡೆಸೋದು ಹೇಗೆ

(ಇದು ನಮ್ಮ ಚಾನೆಲ್‌ನಲ್ಲಿ ಬಂದ ಮಾತಿನ ಬರಹ ರೂಪ. ಲೋಕಲ್‌ನಲ್ಲಿ ನಿಂತುಕೊಂಡೇ ಓದುವವರಿಗೆ ಅನುಕೂಲವಾಗಲಿ ಅಂತ ಉಪಶೀರ್ಷಿಕೆಗಳನ್ನು ಸೇರಿಸಿದ್ದೇವೆ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡಿದ್ದೇವೆ. ಸಭಿಕರ ಪ್ರಶ್ನೆಗಳು ಕೊನೆಯಲ್ಲಿವೆ.)



ಮಕ್ಕಳು ಗೇಮ್ ಆಡೋದು ಒಳ್ಳೇದಾ, ಕೆಟ್ಟದ್ದಾ? ಇವತ್ತು ನಾನು ಮಾತಾಡೋದು ಅದರ ಬಗ್ಗೆ ಅಲ್ಲ. ಆ ಚರ್ಚೆ ನಮ್ಮೆಲ್ಲರ ಮನೇಲೂ ರಾತ್ರಿ ಊಟದ ಹೊತ್ತಿಗೆ ನಡೀತಾನೇ ಇದೆ, ಅಲ್ಲೇ ನಡೀಲಿ. ನನ್ನ ವಿಷಯ ಅದಕ್ಕಿಂತ ಸಣ್ಣದು, ಆದ್ರೆ ಕೆಲಸಕ್ಕೆ ಬರೋವಂಥದ್ದು. ಆಟವನ್ನ ಗಂಭೀರವಾಗಿ ತಗೊಂಡಿರೋ ಹುಡುಗರು, ಹುಡುಗಿಯರು ನಮ್ಮ ಏರಿಯಾದಲ್ಲಿ ಇದ್ದಾರೆ. ಅವರಿಗೆ ಮೇಲಿನ ಹಂತಕ್ಕೆ ಹೋಗೋಕೆ ಒಂದು ನ್ಯಾಯವಾದ ದಾರಿ ಬೇಕು. ಆ ದಾರಿಯ ಮೊದಲ ಮೆಟ್ಟಿಲು ಪ್ರಾದೇಶಿಕ ಅರ್ಹತಾ ಸುತ್ತು. ಅದನ್ನ ಹೇಗೆ ನಡೆಸೋದು ಅಂತ ಲೆಕ್ಕ ಸಮೇತ ಹೇಳ್ತೀನಿ.

ತಾಲ್ಲೂಕು ಮಟ್ಟ, ಜಿಲ್ಲಾ ಮಟ್ಟ

ಇಲ್ಲಿ ಕೂತಿರೋರಲ್ಲಿ ಎಷ್ಟು ಜನ ಸ್ಕೂಲಲ್ಲಿ ಖೋ ಖೋ, ಕಬಡ್ಡಿ, ಓಟ ಅಂತ ತಾಲ್ಲೂಕು ಮಟ್ಟಕ್ಕೆ ಹೋಗಿದ್ರಿ? ನೋಡಿ, ಸುಮಾರು ಕೈ ಮೇಲೆ ಬಂತು. ನಮಗೆ ಕ್ವಾಲಿಫೈಯರ್ ಅನ್ನೋ ಪದ ಆಗ ಗೊತ್ತಿರಲಿಲ್ಲ. ಆದ್ರೆ ವ್ಯವಸ್ಥೆ ಚೆನ್ನಾಗಿ ಗೊತ್ತಿತ್ತು. ತಾಲ್ಲೂಕಲ್ಲಿ ಗೆದ್ರೆ ಜಿಲ್ಲೆ, ಜಿಲ್ಲೇಲಿ ಗೆದ್ರೆ ವಿಭಾಗ, ವಿಭಾಗದಲ್ಲಿ ಗೆದ್ರೆ ರಾಜ್ಯ. ಪಿಟಿ ಮೇಷ್ಟ್ರು ಹೇಳಿದ ಆ ಸಾಲಿನ ಮೇಲೆ ನಂಬಿಕೆ ಇಟ್ಟು ಬೆಳಿಗ್ಗೆ ಐದಕ್ಕೆ ಎದ್ದು ಓಡ್ತಿದ್ವಿ. ತಾಲ್ಲೂಕಲ್ಲಿ ಗೆದ್ದ ಮೇಲೆ ಯಾರಾದ್ರೂ ಬಂದು "ಜಿಲ್ಲಾ ಮಟ್ಟ ಈ ವರ್ಷ ಇಲ್ಲಪ್ಪಾ" ಅಂದಿದ್ರೆ ಹೇಗಾಗ್ತಿತ್ತು?

ಇ-ಸ್ಪೋರ್ಟ್ಸ್‌ನಲ್ಲಿ ಆಗ್ತಿರೋದು ಹೆಚ್ಚು ಕಡಿಮೆ ಅದೇ. ಪೋಸ್ಟರ್ ಮೇಲೆ "ಮುಂಬಯಿ ಕ್ವಾಲಿಫೈಯರ್" ಅಂತ ದಪ್ಪಕ್ಷರದಲ್ಲಿ ಹಾಕಿರ್ತಾರೆ. ಗೆದ್ದವರು ಎಲ್ಲಿಗೆ ಕ್ವಾಲಿಫೈ ಆಗ್ತಾರೆ ಅಂತ ಕೇಳಿದ್ರೆ ಉತ್ತರ ಇರಲ್ಲ. ಹಾಗಾಗಿ ನನ್ನ ಮೊದಲ ಮಾತು, ಇಡೀ ಭಾಷಣದ ಸಾರವೂ ಇದೇ: ಕ್ವಾಲಿಫೈಯರ್ ಅನ್ನೋದು ಕೊಟ್ಟ ಮಾತು. ಮುಂದಿನ ಹಂತ ನಡೆಸೋರಿಂದ "ನಿಮ್ಮ ಸುತ್ತಿನಿಂದ ಇಷ್ಟು ತಂಡಕ್ಕೆ ಜಾಗ ಇದೆ" ಅಂತ ಬರಹದಲ್ಲಿ ತಗೊಂಡಿದ್ರೆ ಮಾತ್ರ ಆ ಪದ ಬಳಸಿ. ಇಲ್ಲದಿದ್ರೆ "ಸ್ಪರ್ಧೆ" ಅಂತ ಕರೀರಿ, ತಪ್ಪೇನಿಲ್ಲ. ಸ್ಪರ್ಧೆಗೂ ಒಂದು ಮರ್ಯಾದೆ ಇದೆ.

ಮೇಲೆ ನಿಜವಾದ ಮೆಟ್ಟಿಲುಗಳು ಇದಾವಾ? ಇದಾವೆ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಇ-ಸ್ಪೋರ್ಟ್ಸ್ ಪ್ರದರ್ಶನ ಕ್ರೀಡೆ ಆಗಿತ್ತು. ಅಲ್ಲಿ ಹಾರ್ತ್‌ಸ್ಟೋನ್ ಆಟದಲ್ಲಿ ತೀರ್ಥ್ ಮೆಹ್ತಾ ಭಾರತಕ್ಕೆ ಕಂಚು ತಂದ್ರು. ಮುಂದಿನ ಏಷ್ಯನ್ ಗೇಮ್ಸ್ 2023ರಲ್ಲಿ ಹಾಂಗ್‌ಝೌನಲ್ಲಿ ನಡೀತು, ಇ-ಸ್ಪೋರ್ಟ್ಸ್ ಅಲ್ಲಿ ಪೂರ್ಣ ಪದಕ ಕ್ರೀಡೆ. ಅದಕ್ಕೆ ಮುಂಚೆ ಮಧ್ಯ ಮತ್ತು ದಕ್ಷಿಣ ಏಷ್ಯಾ ಪ್ರಾದೇಶಿಕ ಸುತ್ತಲ್ಲಿ ನಮ್ಮ ಲೀಗ್ ಆಫ್ ಲೆಜೆಂಡ್ಸ್ ತಂಡ ಮೊದಲ ಸ್ಥಾನ ಪಡೆದಿತ್ತು. ಅದರ ಬಲದಿಂದಲೇ ನೇರ ಕ್ವಾರ್ಟರ್ ಫೈನಲ್‌ಗೆ ಜಾಗ ಸಿಕ್ತು. ಅಲ್ಲಿ ವಿಯೆಟ್ನಾಂ ಎದುರು ಸೋತ್ರು, ಆ ಮಾತು ಬೇರೆ. ಪ್ರಾದೇಶಿಕ ಸುತ್ತಿಗೆ ಎಷ್ಟು ಬೆಲೆ ಇದೆ ಅಂತ ಇದರಲ್ಲೇ ಗೊತ್ತಾಗುತ್ತೆ.

2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಇ-ಸ್ಪೋರ್ಟ್ಸನ್ನ ಕ್ರೀಡಾ ಇಲಾಖೆಯ ಕೆಳಗೆ ತಂತು. 2025ರ ಮೇ ತಿಂಗಳಲ್ಲಿ ಬಿಹಾರದಲ್ಲಿ ನಡೆದ ಖೇಲೋ ಇಂಡಿಯಾ ಯೂತ್ ಗೇಮ್ಸ್‌ನಲ್ಲಿ ಪ್ರದರ್ಶನ ಕ್ರೀಡೆಯಾಗಿ ಸೇರಿಸಿದ್ರು. ನಮ್ಮ ಹತ್ತಿರಕ್ಕೇ ಬಂದ್ರೆ, 2019ರ ಏಪ್ರಿಲ್‌ನಲ್ಲಿ ವರ್ಲಿಯ ಎನ್ಎಸ್‌ಸಿಐ ಡೋಮ್‌ನಲ್ಲಿ ಇಎಸ್ಎಲ್ ಒನ್ ಮುಂಬಯಿ ಅಂತ ದೊಡ್ಡ ಡೋಟಾ 2 ಪಂದ್ಯಾವಳಿ ನಡೀತು, ಬಹುಮಾನ 3 ಲಕ್ಷ ಡಾಲರ್. ಅದರಲ್ಲಿ ಭಾರತದ ತಂಡಕ್ಕೆ ಅಂತ ಒಂದು ಅರ್ಹತಾ ಸುತ್ತೂ ಇತ್ತು. ಬಿಜಿಎಂಐ ಆಟದ ರಾಷ್ಟ್ರೀಯ ಸರಣಿಯ ಫೈನಲ್ 2024ರಲ್ಲಿ ಹೈದರಾಬಾದ್‌ನಲ್ಲಿ, 2025ರಲ್ಲಿ ಕೋಲ್ಕತ್ತಾದಲ್ಲಿ ಆಯ್ತು.

ಮೇಲೆ ಮಾಳಿಗೆ ಇದೆ, ಕೆಳಗೆ ನೆಲ ಇದೆ, ಮಧ್ಯದ ಮೆಟ್ಟಿಲು ತೆಳು. ಆ ಮಧ್ಯದ ಮೆಟ್ಟಿಲನ್ನ ನಮ್ಮಂಥೋರು ಕಟ್ಟಬಹುದು.

"ನಮ್ಮ ಪ್ರದೇಶ" ಅಂದ್ರೆ ಯಾವುದು?

ಸುಲಭದ ಪ್ರಶ್ನೆ ಅನ್ಸುತ್ತೆ. ಆದ್ರೆ ಜಗಳ ಶುರುವಾಗೋದು ಇಲ್ಲಿಂದಲೇ.

ನಿಯಮದಲ್ಲಿ "ಥಾಣೆ ಜಿಲ್ಲೆಯವರು ಮಾತ್ರ" ಅಂತ ಬರೆದ್ರಿ ಅನ್ಕೊಳ್ಳಿ. ವಾಶಿ, ನೆರೂಲ್, ಐರೋಲಿ, ಕೋಪರ್‌ಖೈರ್ನೆ ಹುಡುಗರು ಒಳಗೆ ಬಂದ್ರು, ಯಾಕಂದ್ರೆ ಅವು ಥಾಣೆ ಜಿಲ್ಲೆ. ಖಾರ್ಘರ್, ಕಾಮೋಠೆ, ಪನ್ವೇಲ್ ಹುಡುಗರು ಹೊರಗೆ ಹೋದ್ರು, ಯಾಕಂದ್ರೆ ಅವು ರಾಯಗಢ ಜಿಲ್ಲೆ. ಬಾಯಲ್ಲಿ ಎಲ್ಲಾ ನವಿ ಮುಂಬಯಿ, ಕಾಗದದಲ್ಲಿ ಎರಡು ಜಿಲ್ಲೆ. ಇನ್ನು ವಸೈ, ವಿರಾರ್ ಮೊದಲು ಥಾಣೆ ಜಿಲ್ಲೇಲೇ ಇತ್ತು, 2014ರ ಆಗಸ್ಟ್ 1ರಿಂದ ಪಾಲ್ಘರ್ ಜಿಲ್ಲೆಗೆ ಹೋಯ್ತು. ಹಳೇ ಕಾರ್ಡಲ್ಲಿ ಇನ್ನೂ ಥಾಣೆ ಅಂತಲೇ ಇರುತ್ತೆ.

ಇದಕ್ಕೆ ಒಳ್ಳೇ ಉಪಾಯ ಪಿನ್ ಕೋಡ್. 4006 ಥಾಣೆ, 4007 ವಾಶಿ ಕಡೆ, 4102 ಖಾರ್ಘರ್ ಪನ್ವೇಲ್ ಕಡೆ, 4212 ಡೊಂಬಿವಲಿ, 4213 ಕಲ್ಯಾಣ. ಒಳಗೆ ಬರೋ ಪಿನ್ ಕೋಡ್‌ಗಳ ಪೂರ್ತಿ ಪಟ್ಟಿ ಮಾಡಿ ನಿಯಮದ ಮೊದಲ ಪುಟಕ್ಕೆ ಹಾಕಿ. ಅಂಬರ್‌ನಾಥ್, ಬದ್ಲಾಪುರ, ಉಲ್ಹಾಸನಗರ ಸೇರಿಸ್ತೀರಾ ಇಲ್ವಾ, ಅದನ್ನೂ ಮೊದಲೇ ಬರೀರಿ. ನೋಂದಣಿ ಶುರುವಾದ ಮೇಲೆ ಒಂದು ಅಂಕಿಯನ್ನೂ ಬದಲಾಯಿಸಬೇಡಿ.

ಮುಂದಿನ ತೊಡಕು ನಮ್ಮದೇ. ಹುಬ್ಬಳ್ಳಿಯಿಂದಲೋ ಕಲಬುರಗಿಯಿಂದಲೋ ಬಂದು ಘನ್ಸೋಲಿಯಲ್ಲಿ ನಾಲ್ಕು ಜನ ರೂಮ್ ಮಾಡ್ಕೊಂಡಿರೋ ಹುಡುಗನ ಆಧಾರ್ ಮೇಲೆ ಊರಿನ ವಿಳಾಸ ಇರುತ್ತೆ. ಅವನು ಇಲ್ಲಿ ಹೊರಗಿನೋನು, ಅಲ್ಲಿ ಆಡೋಣ ಅಂದ್ರೆ ರಜೆ ಇಲ್ಲ. ಹಾಗಾಗಿ "ವಾಸ, ಓದು ಅಥವಾ ಕೆಲಸ, ಮೂರರಲ್ಲಿ ಒಂದು ಈ ಪಿನ್ ಕೋಡ್ ಒಳಗಿದ್ರೆ ಸಾಕು" ಅಂತ ನಿಯಮ ಇಡಿ. ಬಾಡಿಗೆ ಕರಾರು, ಕಾಲೇಜು ಐಡಿ, ಕಂಪನಿ ಐಡಿ, ಯಾವುದಾದ್ರೂ ನಡೀಲಿ. ಆದ್ರೆ ಒಬ್ಬ ಆಟಗಾರ ಒಂದೇ ಕೇಂದ್ರದಲ್ಲಿ, ಒಂದೇ ತಂಡದಲ್ಲಿ ಮಾತ್ರ. ರಾಜ್ಯ ತಂಡದ ಆಯ್ಕೆ ಆಗಿದ್ರೆ ಮೇಲಿನ ಸಂಸ್ಥೆಯ ನಿಯಮವೇ ಅಂತಿಮ, ಅದನ್ನೂ ಒಂದು ಸಾಲಲ್ಲಿ ಹೇಳಿಬಿಡಿ.

ಇನ್ನೊಂದು ಮಾತು. ಇದನ್ನ ಕನ್ನಡಿಗರಿಗೆ ಮಾತ್ರ ಅಂತ ಮಾಡಬೇಡಿ. ಸಂಘದೊಳಗಿನ ಸ್ಪರ್ಧೆ ಆದ್ರೆ ಸರಿ. ಪ್ರಾದೇಶಿಕ ಅರ್ಹತಾ ಸುತ್ತು ಅಂದಮೇಲೆ ಪಕ್ಕದ ಬಿಲ್ಡಿಂಗಿನ ಮರಾಠಿ ಹುಡುಗ, ಗುಜರಾತಿ ಹುಡುಗಿ, ಎಲ್ಲಾ ಬರಬೇಕು. ನಿಯಮ ಪುಸ್ತಕ ಮರಾಠಿ, ಹಿಂದಿ, ಇಂಗ್ಲಿಷ್‌ನಲ್ಲೂ ಇರಲಿ. ನಡೆಸೋರು ನಾವು, ಆಡೋರು ಎಲ್ಲರೂ.

ಎಷ್ಟು ಪಂದ್ಯ, ಎಷ್ಟು ಹೊತ್ತು

ಈಗ ಲೆಕ್ಕ. ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿ ಅಂತ ನಾಲ್ಕು ಕೇಂದ್ರ ಇಟ್ಕೊಳ್ಳೋಣ. ಆಟ ವ್ಯಾಲರಂಟ್, ಐದು ಜನರ ತಂಡ. ಒಂದೊಂದು ಕೇಂದ್ರಕ್ಕೆ 16 ತಂಡ, ಅಲ್ಲಿಂದ ಎರಡೆರಡು ಮೇಲೆ ಬರ್ಬೇಕು. ಒಟ್ಟು 64 ತಂಡದಿಂದ 8.

ಒಂದು ಸೋಲಿಗೆ ಮನೆಗೆ ಕಳಿಸೋ ನಾಕೌಟ್ ಇಟ್ರೆ ಕೆಲಸ ಬೇಗ ಮುಗಿಯುತ್ತೆ. ಆದ್ರೆ ಮೊದಲ ಸುತ್ತಲ್ಲೇ ಎರಡು ಒಳ್ಳೇ ತಂಡ ಎದುರಾದ್ರೆ ಒಂದು ಸುಮ್ಮನೆ ಹೋಗುತ್ತೆ. ಅದೂ ಅಲ್ದೆ ಒಂದು ಮ್ಯಾಚ್ ಮಧ್ಯೆ ಕರೆಂಟು ಹೋಯ್ತು ಅಂದ್ರೆ ಆರು ತಿಂಗಳ ಅಭ್ಯಾಸ ಹೋಯ್ತು. ಅದಕ್ಕೇ ಡಬಲ್ ಎಲಿಮಿನೇಷನ್, ಅಂದ್ರೆ ಎರಡು ಸೋಲಿನವರೆಗೂ ಜೀವ ಇಡೋ ಪದ್ಧತಿ.

16 ತಂಡದಲ್ಲಿ 14 ಹೊರಗೆ ಹೋಗ್ಬೇಕು. ಒಂದೊಂದಕ್ಕೂ ಎರಡು ಸೋಲು, 28. ಆಯ್ಕೆಯಾಗೋ ಎರಡರಲ್ಲಿ ಒಂದು ತಂಡ ಒಂದು ಸಲ ಸೋತಿರುತ್ತೆ. ಪ್ರತಿ ಪಂದ್ಯಕ್ಕೆ ಒಂದು ಸೋಲು ತಾನೇ, ಹಾಗಾಗಿ ಒಟ್ಟು 29 ಪಂದ್ಯ. ಒಂದು ಪಂದ್ಯಕ್ಕೆ ಸಿದ್ಧತೆ ಸೇರಿ ಒಂದು ಗಂಟೆ ಅಂತ ಹಿಡೀರಿ. 10 ಪಿಸಿ ಇರೋ ಗೇಮಿಂಗ್ ಕೆಫೆಯಲ್ಲಿ ಒಂದು ಸಲಕ್ಕೆ ಒಂದೇ ಪಂದ್ಯ. 29 ಗಂಟೆ! ಭಾನುವಾರಕ್ಕೆ ಇರೋದು 24 ಗಂಟೆ ಮಾತ್ರ.

ಹಾಗಾಗಿ ಎರಡು ಭಾಗ ಮಾಡಿ. 16 ತಂಡ ನಾಲ್ಕಾಗೋವರೆಗೂ ಮನೆಯಿಂದ ಆಡ್ಲಿ. ಅದು ಐದು ಸುತ್ತು, 26 ಪಂದ್ಯ. ಎಲ್ಲರೂ ಅವರವರ ಮನೇಲಿ ಇರೋದ್ರಿಂದ ಒಂದು ಸುತ್ತಿನ ಪಂದ್ಯಗಳು ಒಟ್ಟಿಗೇ ನಡೀತವೆ. ಸೋಮವಾರದಿಂದ ಶುಕ್ರವಾರ, ದಿನಕ್ಕೊಂದು ಸುತ್ತು, ರಾತ್ರಿ ಒಂಬತ್ತೂವರೆಗೆ. ಒಂಬತ್ತೂವರೆ ಯಾಕೆ? ಆಫೀಸ್ ಮುಗಿಸಿ ಡೊಂಬಿವಲಿ ತಲುಪಿ, ಊಟ ಮಾಡೋಕೆ ಅಷ್ಟು ಹೊತ್ತು ಬೇಕೇ ಬೇಕು. ಕೊನೆಗೆ ಉಳಿಯೋದು ಮೂರೇ ಪಂದ್ಯ. ಅವನ್ನ ಮೂರರಲ್ಲಿ ಎರಡು ಗೆಲ್ಲೋ ಪದ್ಧತೀಲಿ ಎಲ್ಲರ ಕಣ್ಣೆದುರು ಆಡಿಸಿ. ಒಂದಕ್ಕೆ ಎರಡೂವರೆ ಗಂಟೆ ಅಂದ್ರೂ ಏಳೂವರೆ ಗಂಟೆ. 10 ಪಿಸಿ ಇರೋ ಒಂದು ಕೆಫೆ, ಒಂದು ಭಾನುವಾರ ಸಾಕು.

ಬಿಜಿಎಂಐ ಥರದ ಆಟ ಆದ್ರೆ ಲೆಕ್ಕ ಬೇರೆ. ಒಂದು ಲಾಬಿಯಲ್ಲಿ 16 ತಂಡ, ನಾಲ್ಕು ನಾಲ್ಕು ಜನ, 64 ಫೋನು. ಅಲ್ಲಿ ಒಂದೇ ಪಂದ್ಯದಲ್ಲಿ ತೀರ್ಮಾನ ಮಾಡಬೇಡಿ, ಅದೃಷ್ಟದ ಪಾಲು ಜಾಸ್ತಿ. ಸುರಕ್ಷಿತ ವಲಯ ಎಲ್ಲಿ ಬೀಳುತ್ತೆ ಅನ್ನೋದು ಯಾರ ಕೈಲೂ ಇಲ್ಲ. ಕನಿಷ್ಠ ಆರು ಪಂದ್ಯ ಆಡಿಸಿ ಅಂಕ ಕೂಡಿಸಿ. ಸಮ ಬಂದ್ರೆ ಯಾವುದನ್ನ ಮೊದಲು ನೋಡ್ತೀವಿ, ಗೆದ್ದ ಪಂದ್ಯವಾ, ಸ್ಥಾನದ ಅಂಕವಾ, ಕಿಲ್ ಅಂಕವಾ ಅಂತ ಮೊದಲೇ ಬರೆದಿಡಿ. ಕೊನೇ ಪಂದ್ಯ ಮುಗಿದ ಮೇಲೆ ಬರೆದ ನಿಯಮವನ್ನ ಯಾರೂ ನಂಬಲ್ಲ, ನಂಬಲೂಬಾರದು.

ರೈಲು, ಮಳೆ, ಪರೀಕ್ಷೆ

ನಮ್ಮ ಊರಿನ ಪಂದ್ಯಾವಳಿಯ ವೇಳಾಪಟ್ಟಿಯನ್ನ ಅರ್ಧ ಬರೆಯೋದು ರೈಲ್ವೇನವರು. ಭಾನುವಾರ ಅಂದ್ರೆ ಮೆಗಾ ಬ್ಲಾಕ್. ಸೆಂಟ್ರಲ್, ಹಾರ್ಬರ್, ಟ್ರಾನ್ಸ್ ಹಾರ್ಬರ್, ಯಾವುದರಲ್ಲಿ ಬ್ಲಾಕ್ ಇದೆ ಅಂತ ಆ ವಾರವೇ ಪ್ರಕಟ ಆಗೋದು. ಕಲ್ಯಾಣದ ತಂಡ ವಾಶಿಗೆ ಬರ್ಬೇಕಾದ್ರೆ ಥಾಣೆಯಲ್ಲಿ ಇಳಿದು ಟ್ರಾನ್ಸ್ ಹಾರ್ಬರ್ ಹಿಡೀಬೇಕು. ಎರಡರಲ್ಲಿ ಒಂದು ಲೈನ್ ನಿಂತ್ರೂ ಐದು ಜನರಲ್ಲಿ ಇಬ್ಬರು ತಡವಾಗ್ತಾರೆ. ಹಾಗಾಗಿ ವಾಕ್‌ಓವರ್‌ಗೆ 15 ನಿಮಿಷ ಅನ್ನೋ ನಿಯಮ ಇರಲಿ, ಜೊತೆಗೆ "ರೈಲ್ವೇ ಪ್ರಕಟಿಸಿದ ಅಡಚಣೆ ಇದ್ರೆ ಒಂದು ಗಂಟೆ" ಅಂತಾನೂ ಇರಲಿ. ಎಲ್ಲಾ ತಂಡಕ್ಕೂ ಒಂದೇ ನಿಯಮ. "ಪಾಪ, ಗುರುತಿನ ಹುಡುಗರು" ಅಂತ ಒಬ್ಬರಿಗೆ ಮಾತ್ರ ಕೊಟ್ರೆ ಅಲ್ಲಿಗೆ ಮುಗೀತು.

ನಾಲ್ಕು ಕೇಂದ್ರದ ಅಂತಿಮ ಸುತ್ತಿಗೆ ಥಾಣೆಯೇ ಸರಿಯಾದ ಜಾಗ. ಕಲ್ಯಾಣ, ಡೊಂಬಿವಲಿ ಒಂದು ಕಡೆಯಿಂದ, ಐರೋಲಿ, ವಾಶಿ ಇನ್ನೊಂದು ಕಡೆಯಿಂದ, ಇಬ್ಬರೂ ಅಲ್ಲೇ ಸೇರೋದು. ಸ್ಟೇಷನ್ನಿಂದ ನಡೆದು ಹೋಗೋ ದೂರದಲ್ಲಿ ಹಾಲ್ ಹುಡುಕಿ. ಘೋಡ್‌ಬಂದರ್ ರೋಡಲ್ಲಿ ಹಾಲ್ ಚೆಂದ ಸಿಗುತ್ತೆ, ಟ್ರಾಫಿಕ್ಕೂ ಅಷ್ಟೇ ಚೆಂದ ಇರುತ್ತೆ.

ತಿಂಗಳು ಯಾವುದು? ಜೂನ್ ಮಧ್ಯದಿಂದ ಆಗಸ್ಟ್‌ವರೆಗೆ ಬೇಡ, ಒಂದು ಜೋರು ಮಳೆಗೆ ಲೋಕಲ್ ನಿಲ್ಲುತ್ತೆ. ಫೆಬ್ರವರಿ, ಮಾರ್ಚ್ ಹತ್ತು, ಹನ್ನೆರಡನೇ ಕ್ಲಾಸಿನ ಬೋರ್ಡ್ ಪರೀಕ್ಷೆ. ಆಮೇಲೆ ಸಿಇಟಿ. ದೀಪಾವಳಿ ಕಳೆದ ಮೇಲಿನಿಂದ ಜನವರಿವರೆಗೆ, ಇಲ್ಲಾ ಮೇ ಕೊನೆ, ಇದೇ ನಮಗಿರೋ ಕಿಟಕಿ. ಪರೀಕ್ಷೆ ಸಮಯದಲ್ಲಿ ಇಟ್ಟು "ಬಂದ್ರೆ ಬನ್ನಿ" ಅನ್ನೋದು ಮಕ್ಕಳಿಗೂ ಅನ್ಯಾಯ, ಮನೆಯವರ ಹತ್ತಿರ ನಮ್ಮ ಮರ್ಯಾದೆಗೂ ಕೇಡು.

ಕರೆಂಟು, ನೆಟ್ಟು, ಬಿಸಿ

ಇದು ನಮ್ಮ ಜನಕ್ಕೆ ಬೇಗ ಅರ್ಥ ಆಗೋ ಭಾಗ, ಹಾಗಾಗಿ ಬೇಗ ಹೇಳ್ತೀನಿ. ಒಂದು ಗೇಮಿಂಗ್ ಪಿಸಿ, ಮಾನಿಟರ್ ಸೇರಿ 500 ವಾಟ್ ಅನ್ಕೊಳ್ಳಿ. ಹತ್ತಕ್ಕೆ 5000 ವಾಟ್, 230 ವೋಲ್ಟ್‌ಗೆ ಸುಮಾರು 22 ಆಂಪಿಯರ್. ಗೋಡೆಯ ದೊಡ್ಡ ಸಾಕೆಟ್ಟು 16 ಆಂಪಿಯರ್‌ದು. ಒಂದೇ ಪಾಯಿಂಟಿಂದ ಎಕ್ಸ್‌ಟೆನ್ಷನ್ ಎಳೆದು ಹತ್ತೂ ಪಿಸಿ ಹಚ್ಚಿದ್ರೆ ಎಂಸಿಬಿ ಬೀಳುತ್ತೆ, ಬೀಳದಿದ್ರೆ ಇನ್ನೂ ಅಪಾಯ. ಮೂರು ಬೇರೆ ಬೇರೆ ಸರ್ಕ್ಯೂಟಿಗೆ ಹಂಚಿ, ಎಸಿ ಬೇರೆ ಇರಲಿ. ಹಾಲ್ ಬುಕ್ ಮಾಡೋ ಮುಂಚೆ ಎಲೆಕ್ಟ್ರಿಷಿಯನ್ನ ಕರ್ಕೊಂಡು ಹೋಗಿ ತೋರಿಸಿ.

ನೆಟ್ಟಿನ ವಿಷಯದಲ್ಲಿ ನಮ್ಮ ಅದೃಷ್ಟ ದೊಡ್ಡದು. ಐರೋಲಿ, ರಬಾಲೆ, ಮಹಾಪೆ, ಪನ್ವೇಲ್ ಕಡೆ ದೇಶದ ದೊಡ್ಡ ದೊಡ್ಡ ಡೇಟಾ ಸೆಂಟರ್‌ಗಳು ಇದಾವೆ. ಇಲ್ಲಿ ಕೂತಿರೋರಲ್ಲಿ ಕೆಲವರು ಅಲ್ಲೇ ನೈಟ್ ಶಿಫ್ಟ್ ಮಾಡ್ತೀರಿ. ವ್ಯಾಲರಂಟ್‌ಗೆ ಮುಂಬಯಿಯಲ್ಲೇ ಸರ್ವರ್ ಇದೆ. ಊರಲ್ಲಿ ಕೂತು ಆಡೋ ನಮ್ಮ ತಮ್ಮಂದಿರಿಗೆ ಸಿಗದ ಪಿಂಗ್ ಇಲ್ಲಿಯ ಹುಡುಗರಿಗೆ ಸಿಗುತ್ತೆ. ಆಡೋಕೆ ಡೇಟಾ ಹೆಚ್ಚು ಬೇಕಾಗಲ್ಲ. ಲೈನ್ ತಿನ್ನೋದು ಅವತ್ತೇ ಬಂದ ಅಪ್‌ಡೇಟ್ ಮತ್ತು ನಮ್ಮ ಲೈವ್ ಸ್ಟ್ರೀಮ್. ಹಾಗಾಗಿ ಆಟಕ್ಕೆ ಒಂದು ಲೈನ್, ಸ್ಟ್ರೀಮಿಗೆ ಬೇರೆ ಲೈನ್, ನೋಡೋಕೆ ಬಂದವರಿಗೆ ಆಟದ ವೈಫೈ ಪಾಸ್‌ವರ್ಡ್ ಕೊಡಲೇಬೇಡಿ. ಅಪ್‌ಡೇಟ್ ಎಲ್ಲಾ ಹಿಂದಿನ ರಾತ್ರಿಯೇ ಮುಗಿದಿರಬೇಕು. ವ್ಯಾಲರಂಟಿನ ವ್ಯಾನ್‌ಗಾರ್ಡ್ ತಂತ್ರಾಂಶ ವಿಂಡೋಸ್ 11ರಲ್ಲಿ ಟಿಪಿಎಂ, ಸೆಕ್ಯೂರ್ ಬೂಟ್ ಕೇಳುತ್ತೆ. ಕೆಫೆಯ ಹತ್ತೂ ಪಿಸಿಯಲ್ಲಿ ಒಂದು ವಾರ ಮೊದಲೇ ಆಟ ತೆಗೆದು ನೋಡಿ.

64 ಫೋನು ಇರೋ ಹಾಲಲ್ಲಿ ದೊಡ್ಡ ಶತ್ರು ಬಿಸಿ. ಫೋನು ಕಾದ್ರೆ ನಿಧಾನ ಆಗುತ್ತೆ, ಹುಡುಗ ಸೋಲ್ತಾನೆ, ತಪ್ಪು ನಮ್ಮದು. ಫ್ಯಾನು ಮೊದಲು ಆಟಗಾರರ ಕಡೆಗೆ, ಆಮೇಲೆ ಅತಿಥಿಗಳ ಕಡೆಗೆ.

ವರ್ಡ್ ಡಾಟ್ ಇಎಕ್ಸ್‌ಇ

ಮೋಸದ ಬಗ್ಗೆ ಒಂದು ನಿಜವಾದ ಪ್ರಕರಣ. 2018ರ ಅಕ್ಟೋಬರ್, ಶಾಂಘೈ. ಏಷ್ಯಾ ಮಟ್ಟದ ಕೌಂಟರ್ ಸ್ಟ್ರೈಕ್ ಪಂದ್ಯಾವಳಿ. ಭಾರತದ ಬಲವಾದ ತಂಡ ಆಡ್ತಿತ್ತು. ಒಬ್ಬ ಆಟಗಾರನ ಪಿಸಿ ಮೇಲೆ ಅಡ್ಮಿನ್‌ಗಳಿಗೆ ಅನುಮಾನ ಬಂತು, ಪಂದ್ಯ ನಿಲ್ಲಿಸಿ ನೋಡಿದ್ರು. ಗುರಿ ಹಿಡಿಯೋಕೆ ನೆರವಾಗೋ ಮೋಸದ ಪ್ರೋಗ್ರಾಂ ಸಿಕ್ತು. ಅದಕ್ಕೆ ಇಟ್ಟಿದ್ದ ಹೆಸರು "ವರ್ಡ್ ಡಾಟ್ ಇಎಕ್ಸ್‌ಇ", ನಾವು ದಿನಾ ಆಫೀಸಲ್ಲಿ ತೆಗೆಯೋ ವರ್ಡ್ ಥರ. ತಂಡ ಹೊರಗೆ ಬಿತ್ತು, ಆಮೇಲೆ ತಂಡವೇ ವಿಸರ್ಜನೆ ಆಯ್ತು, ಆ ಆಟಗಾರನಿಗೆ ಐದು ವರ್ಷ ನಿಷೇಧ. ಜೊತೆಯ ನಾಲ್ಕು ಜನ ಕೆಲಸ ಕಳ್ಕೊಂಡ್ರು. ಆಮೇಲೆ ಅದೇ ಆಟಗಾರ ದೇಶದೊಳಗಿನ ಒಂದು ಪಂದ್ಯಾವಳಿಯಲ್ಲೂ ಮೋಸದ ಪ್ರೋಗ್ರಾಂ ಬಳಸಿದ್ದು ಹೊರಗೆ ಬಂತು.

ನಮಗೆ ಪಾಠ ಏನು? ಕೆಳಗಿನ ಹಂತದಲ್ಲಿ ಹಿಡಿಯದಿದ್ದ ಮೋಸ ಮೇಲಿನ ಹಂತದಲ್ಲಿ ಎಲ್ಲರ ತಲೆ ಮೇಲೆ ಬೀಳುತ್ತೆ. ಹಾಗಾಗಿ ಕೊನೇ ಪಂದ್ಯಗಳು ನಮ್ಮ ಪಿಸಿಯಲ್ಲಿ, ನಮ್ಮ ಕಣ್ಣೆದುರೇ ಆಗ್ಬೇಕು. ಆಟಗಾರರ ಲಾಗಿನ್‌ಗೆ ಅಡ್ಮಿನ್ ಹಕ್ಕು ಬೇಡ. ಪೆನ್ ಡ್ರೈವ್ ಪೋರ್ಟ್ ಮುಚ್ಚಿರಲಿ. ಮೌಸ್, ಕೀಬೋರ್ಡ್ ಸಾಫ್ಟ್‌ವೇರ್ ಬೇಕಾದ್ರೆ ನಾವೇ ಹಾಕಿ ಕೊಡೋಣ. ಕಂಪನಿ ಲ್ಯಾಪ್‌ಟಾಪಿಗೆ ನಮ್ಮ ಐಟಿ ಡಿಪಾರ್ಟ್‌ಮೆಂಟಿನವರು ಏನೇನು ಮಾಡ್ತಾರೋ, ಅದೇ. ಇಷ್ಟು ದಿನ ಬೈಕೊಂಡಿದ್ದು ಈಗ ಉಪಯೋಗಕ್ಕೆ ಬಂತು.

ತೀರ್ಪಿನ ವಿಷಯ: ಇಬ್ಬರು ಅಡ್ಮಿನ್, ಯಾವ ತಂಡದ ಅಣ್ಣ ತಮ್ಮ, ಚಿಕ್ಕಪ್ಪ, ಭಾವ ಆಗಿರಬಾರದು. ದೂರು ಬರಹದಲ್ಲಿ, ತೀರ್ಪು ಬರಹದಲ್ಲಿ, ಯಾವ ನಿಯಮದ ಪ್ರಕಾರ ಅನ್ನೋ ಸಂಖ್ಯೆ ಸಮೇತ. ಸೋತ ಹುಡುಗ ಮನೆಗೆ ಹೋಗುವಾಗ "ನಾನು ಯಾಕೆ ಸೋತೆ" ಅನ್ನೋದು ಅವನಿಗೆ ಸ್ಪಷ್ಟ ಗೊತ್ತಿರಬೇಕು. 64 ತಂಡದಲ್ಲಿ 56 ಸೋಲ್ತವೆ. ನಮ್ಮ ಕೆಲಸದ ಪರೀಕ್ಷೆ ಆ 56ರ ಮುಖದಲ್ಲಿ ಇರುತ್ತೆ, ಗೆದ್ದ 8ರ ಸೆಲ್ಫಿಯಲ್ಲಿ ಅಲ್ಲ.

ದುಡ್ಡು ಮತ್ತು ಕಾನೂನು

ಈಗ ಸೂಕ್ಷ್ಮ ಜಾಗ. ನಮ್ಮ ಹುಡುಗರಿಗೆ ಚೆನ್ನಾಗಿ ಗೊತ್ತಿರೋ ಒಂದು ಪದ್ಧತಿ ಇದೆ. ತಲೆಗೆ ಐವತ್ತು ರೂಪಾಯಿ ಹಾಕಿ ಯುಪಿಐ ಮಾಡಿ, ಕಸ್ಟಮ್ ರೂಮ್ ಪಾಸ್‌ವರ್ಡ್ ಬರುತ್ತೆ, ಸೇರಿದ ದುಡ್ಡಲ್ಲಿ ಗೆದ್ದವರಿಗೆ ಒಂದು ಪಾಲು, ನಡೆಸಿದವನಿಗೆ ಒಂದು ಪಾಲು. ಕೆಲವು ಸಲ ದುಡ್ಡು ಹೋಗುತ್ತೆ, ಪಾಸ್‌ವರ್ಡ್ ಬರಲ್ಲ, ಗ್ರೂಪೇ ಡಿಲೀಟ್ ಆಗಿರುತ್ತೆ.

ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಆ ಕಾಯ್ದೆ ಆಟಗಳನ್ನ ಮೂರು ಬಗೆ ಮಾಡುತ್ತೆ: ಇ-ಸ್ಪೋರ್ಟ್ಸ್, ಸಾಮಾಜಿಕ ಆಟ, ಹಣದ ಆಟ. ಗೆದ್ರೆ ದುಡ್ಡು ಬರುತ್ತೆ ಅನ್ನೋ ಆಸೆಯಿಂದ ದುಡ್ಡು ಹಾಕಿ ಆಡೋದು ಹಣದ ಆಟ. ಅದನ್ನ ನಡೆಸಿದ್ರೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ಜಾಹೀರಾತು ಮಾಡಿದ್ರೂ ಎರಡು ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ. ಇ-ಸ್ಪೋರ್ಟ್ಸ್ ಅಂತ ಅನ್ನಿಸಿಕೊಳ್ಳೋಕೆ ಮಾನ್ಯತೆ, ನೋಂದಣಿ, ಮೊದಲೇ ಬರೆದ ನಿಯಮ ಬೇಕು, ಬಾಜಿ ಇರಬಾರದು. ಪ್ರವೇಶಕ್ಕೆ ಅಥವಾ ಆಡಳಿತದ ಖರ್ಚಿಗೆ ಮಾತ್ರ ಶುಲ್ಕ ತಗೋಬಹುದು, ಆಟದ ಸಾಧನೆಗೆ ಬಹುಮಾನವೂ ಕೊಡಬಹುದು.

ನಮ್ಮಂಥ ಸಣ್ಣ ಸಂಘಟಕರಿಗೆ ನನ್ನ ಸಲಹೆ ಸರಳ. ಪ್ರವೇಶ ಉಚಿತ ಇಡಿ. ಬಹುಮಾನದ ದುಡ್ಡು ಪೂರ್ತಿ ಪ್ರಾಯೋಜಕರದ್ದಾಗಿರಲಿ. ಆಟಗಾರರಿಂದ ಬಂದ ಒಂದು ರೂಪಾಯಿಯೂ ಬಹುಮಾನಕ್ಕೆ ಹೋಗಬಾರದು. ಖರ್ಚಿಗೆ ಶುಲ್ಕ ಬೇಕೇ ಬೇಕು ಅಂದ್ರೆ ವಕೀಲರನ್ನ ಕೇಳಿದ ಮೇಲೆ ತಗೊಳ್ಳಿ, ಹಾಲ್ ಬಾಡಿಗೆ ಇಷ್ಟು, ಕೆಫೆಗೆ ಇಷ್ಟು ಅಂತ ಲೆಕ್ಕ ಎಲ್ಲರಿಗೂ ಕಾಣೋ ಹಾಗೆ ಹಾಕಿ. ಆಟದ ಮಾಲೀಕ ಕಂಪನಿಗಳಿಗೂ ಸಮುದಾಯ ಪಂದ್ಯಾವಳಿಯ ನಿಯಮ ಇರುತ್ತೆ, ಬಹುಮಾನಕ್ಕೆ ಮಿತಿ, ಜೂಜು, ಮದ್ಯದ ಪ್ರಾಯೋಜಕರು ಬೇಡ ಅನ್ನೋ ಥರದ್ದು. ಪೋಸ್ಟರ್ ಮಾಡೋ ಮುಂಚೆ ಅದನ್ನ ಓದಿ. ತೆರಿಗೆ ಕಡಿತದ ಬಗ್ಗೆ ಒಬ್ಬ ಸಿಎ ಹತ್ತಿರ ಮಾತಾಡಿ, "ಕಡಿತದ ನಂತರ ಕೈಗೆ ಇಷ್ಟು ಬರುತ್ತೆ" ಅಂತ ಹುಡುಗರಿಗೆ ಮೊದಲೇ ಹೇಳಿ. ಬಹುಮಾನ ಎಷ್ಟು ದಿನದೊಳಗೆ ಅಂತ ಬರೆದು, ಆ ದಿನದೊಳಗೆ ಕೊಡಿ.

ಕೊನೇದಾಗಿ ಮಾಹಿತಿ. 18 ವರ್ಷದ ಕೆಳಗಿನವರಿಗೆ ಅಪ್ಪ ಅಮ್ಮನ ಒಪ್ಪಿಗೆ ಸಹಿ ಬೇಕು. 2023ರ ದತ್ತಾಂಶ ರಕ್ಷಣಾ ಕಾಯ್ದೆಯೂ ಮಕ್ಕಳ ಮಾಹಿತಿಗೆ ಪೋಷಕರ ಒಪ್ಪಿಗೆ ಕೇಳುತ್ತೆ. ಗೂಗಲ್ ಫಾರ್ಮ್‌ನಲ್ಲಿ 320 ಮಕ್ಕಳ ಆಧಾರ್ ಫೋಟೋ ಸೇರಿಸಿಟ್ಕೋಬೇಡಿ. ಮೂಲ ಕಾರ್ಡನ್ನ ಮೇಜಿನ ಹತ್ತಿರ ನೋಡಿ, ಸರಿ ಅಂತ ಗುರುತು ಹಾಕಿ, ವಾಪಸ್ ಕೊಟ್ಟುಬಿಡಿ.

ಯಾರು ಮಾಡ್ಬೇಕು?

ಡೊಂಬಿವಲಿ ಕರ್ನಾಟಕ ಸಂಘ ಮಂಜುನಾಥ ವಿದ್ಯಾಲಯ ಅಂತ ಶಾಲೆಯನ್ನೇ ನಡೆಸುತ್ತೆ. ವಾಶಿಯಲ್ಲಿ ನವಿ ಮುಂಬಯಿ ಕನ್ನಡ ಸಂಘ ಇದೆ. ನಾಟಕ, ಯಕ್ಷಗಾನ, ಕ್ರೀಡಾಕೂಟ ನಡೆಸಿದ ಹಿರಿಯರು ನಮ್ಮ ಸಂಘಗಳಲ್ಲಿ ಇದ್ದಾರೆ. ಹಾಲ್ ಬುಕ್ ಮಾಡೋದು, ಪೊಲೀಸ್ ಅನುಮತಿ, ಊಟ, ಪ್ರಥಮ ಚಿಕಿತ್ಸೆ, ಮುನಿಸಿಕೊಂಡವರನ್ನ ಸಮಾಧಾನ ಮಾಡೋದು, ಇದೆಲ್ಲಾ ಅವರಿಗೆ ಕರಗತ. ನೆಟ್‌ವರ್ಕ್, ವೇಳಾಪಟ್ಟಿ, ಲಾಗ್, ಟಿಕೆಟ್ ವ್ಯವಸ್ಥೆ ನಮಗೆ ಕರಗತ. ಮೊದಲಿನವರು ನಮ್ಮನ್ನ "ಬರೀ ಕಂಪ್ಯೂಟರ್ ಹುಡುಗರು" ಅನ್ಕೊಂಡಿದ್ದಾರೆ, ನಾವು ಅವರನ್ನ "ಬರೀ ಶಾಲು ಹಾರ" ಅನ್ಕೊಂಡಿದ್ದೀವಿ. ಇಬ್ಬರೂ ಒಂದೇ ಮೇಜಿಗೆ ಕೂತ್ರೆ ಒಂದು ಒಳ್ಳೇ ಅರ್ಹತಾ ಸುತ್ತು ಆಗುತ್ತೆ.

ಸಭಿಕರ ಪ್ರಶ್ನೆಗಳು

*ಪಲಾವಾದಿಂದ ಬಂದ ಒಬ್ಬ ತಾಯಿ: ಸರ್, ನನ್ನ ಮಗ ಹನ್ನೊಂದನೇ ಕ್ಲಾಸು. ಕ್ವಾಲಿಫೈಯರ್ ಇದೆ ಅಂತ ರಾತ್ರಿ ಎರಡರವರೆಗೆ ಕೂತಿರ್ತಾನೆ. ನಿಜವಾ ಸುಳ್ಳಾ ಅಂತ ನನಗೆ ಹೇಗೆ ಗೊತ್ತಾಗ್ಬೇಕು?*

ಅಮ್ಮಾ, ಒಳ್ಳೇ ಪ್ರಶ್ನೆ. ಅವನ ಹತ್ತಿರ ನಾಲ್ಕು ವಿಷಯ ಕೇಳಿ. ನಿಯಮ ಪುಸ್ತಕ ತೋರಿಸು. ಗೆದ್ರೆ ಮುಂದೆ ಯಾವ ಪಂದ್ಯಾವಳಿ, ಅವರೂ ಇದನ್ನ ಪ್ರಕಟಿಸಿದ್ದಾರಾ? ದುಡ್ಡು ಕೇಳಿದ್ದಾರಾ, ಯಾತಕ್ಕೆ? ನಡೆಸೋರ ಹೆಸರು, ಫೋನ್ ನಂಬರ್ ಏನು? ನಾಲ್ಕಕ್ಕೂ ಉತ್ತರ ಇದ್ರೆ ಅವನು ಸರಿಯಾದ ಜಾಗದಲ್ಲೇ ಇದ್ದಾನೆ. ಇಲ್ಲದಿದ್ರೆ ಅವನ ಮೇಲೆ ರೇಗಬೇಡಿ, ಅವನಿಗೂ ಯಾರೋ ಮಾತು ಕೊಟ್ಟಿರ್ತಾರೆ. ಇನ್ನು ರಾತ್ರಿ ಎರಡರ ವಿಷಯ: ಶಾಲೆಗೆ ಹೋಗೋ ಮಕ್ಕಳಿರೋ ಸುತ್ತು ಹನ್ನೊಂದಕ್ಕೆ ಮುಗೀಬೇಕು ಅನ್ನೋದು ನಮ್ಮ ನಿಯಮ ಪುಸ್ತಕದಲ್ಲೇ ಇರಬೇಕು.

*ಕೋಪರ್‌ಖೈರ್ನೆಯ ಒಬ್ಬ ಯುವಕ: ಅಣ್ಣಾ, ನಮ್ಮ ಹತ್ತಿರ ದುಡ್ಡಿಲ್ಲ, ಪ್ರಾಯೋಜಕರೂ ಇಲ್ಲ. ಎಲ್ಲಿಂದ ಶುರು ಮಾಡೋದು?*

ಒಂದು ಕೇಂದ್ರ, ಒಂದು ಆಟ, ಎಂಟು ತಂಡದಿಂದ ಶುರು ಮಾಡಪ್ಪಾ. ಸ್ಟ್ರೀಟ್ ಫೈಟರ್, ಇ-ಫುಟ್‌ಬಾಲ್ ಥರ ಒಬ್ಬೊಬ್ಬರೇ ಆಡೋ ಆಟ ಆದ್ರೆ ಇನ್ನೂ ಸುಲಭ, ಎರಡು ಟಿವಿ, ಎರಡು ಕನ್ಸೋಲ್ ಇದ್ರೆ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತೆ. ಬಹುಮಾನ ಒಂದು ಟ್ರೋಫಿ ಸಾಕು. ಹೆಸರು "ಸ್ಪರ್ಧೆ" ಅಂತಲೇ ಇರಲಿ. ನಿಯಮ, ಫಲಿತಾಂಶ, ದೂರು, ತೀರ್ಪು ಎಲ್ಲಾ ಒಂದು ಕಡೆ ಬರೆದಿಡು. ಎರಡು ಮೂರು ಸಲ ಶುದ್ಧವಾಗಿ ನಡೆಸಿದ ಆ ದಾಖಲೆ ಹಿಡ್ಕೊಂಡು ದೊಡ್ಡ ಸಂಘಟಕರ ಹತ್ತಿರ ಹೋಗಿ "ನಮ್ಮ ಕಡೆಗೆ ಒಂದು ಜಾಗ ಕೊಡಿ" ಅಂತ ಕೇಳು. ಕೊಟ್ಟ ದಿನ ಪೋಸ್ಟರ್ ಮೇಲೆ ಕ್ವಾಲಿಫೈಯರ್ ಅಂತ ಹಾಕು, ಧೈರ್ಯವಾಗಿ.

ಸಮಯ ಆಯ್ತು ಅಂತ ಕೈ ತೋರಿಸ್ತಿದ್ದಾರೆ. ನಿಯಮ ಪುಸ್ತಕದ ಒಂದು ಕರಡನ್ನ ಕನ್ನಡ, ಮರಾಠಿಯಲ್ಲಿ ಸೇರಿ ಬರೆಯೋಕೆ ನಾಲ್ಕು ಜನ ಬೇಕು, ಒಂದೊಂದು ಕೇಂದ್ರದಿಂದ ಒಬ್ಬರು. ಆಸಕ್ತಿ ಇದ್ದವರು ಚಹಾ ಕುಡಿಯೋವಾಗ ಸಿಗಿ, ಹೆಸರು ಬರ್ಕೊಳ್ತೀನಿ.